ಅಕ್ಕನ ಶಾಲೆಯಲ್ಲಿ ಫೇಲಾಗುವುದು ಪುಸ್ತಕಗಳು

ನಮ್ಮ ಅಕ್ಕನ ಶಾಲೆಯಲ್ಲಿ ಇವತ್ತಿನವರೆಗೆ ಒಂದು ಮಗುವೂ ಫೇಲಾಗಿಲ್ಲ. ಫೇಲಾಗುವುದೆಲ್ಲ ಪುಸ್ತಕಗಳೇ! ಹೋದ ವರ್ಷ ಹದಿನಾಲ್ಕು ಪುಸ್ತಕಗಳು ಪರೀಕ್ಷೆಗೆ ಕೂತು ಒಂಬತ್ತು ಢುಮ್ಕಿ ಹೊಡೆದವು. ನೀವು ನಂಬುವುದಿಲ್ಲ ಎಂದು ನನಗೆ ಗೊತ್ತು. ನಾನೂ ಮೊದಮೊದಲು ನಂಬಿರಲಿಲ್ಲ.

ಶಾಲೆ ಎಂದ ಕೂಡಲೇ ಗೇಟು, ಮೈದಾನ, ಧ್ವಜದ ಕಂಬ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಒಂದು ಬಾಡಿಗೆ ಮನೆ. ಆ ಮನೆಯಲ್ಲಿ ಆರು ಜನ ಕೂರುವ ಒಂದು ಊಟದ ಮೇಜು. ಅದೇ ಶಾಲೆ. ಮುಖ್ಯೋಪಾಧ್ಯಾಯಿನಿ, ಕ್ಲಾಸ್ ಟೀಚರು, ಗುಮಾಸ್ತೆ, ಬಿಸಿಯೂಟದವಳು, ಗಂಟೆ ಹೊಡೆಯುವವಳು ಎಲ್ಲ ಅಕ್ಕನೇ. ವಿದ್ಯಾರ್ಥಿಗಳು ಇಬ್ಬರು, ಅವಳದೇ ಮಕ್ಕಳು: ಹನ್ನೊಂದು ವರ್ಷದ ಪ್ರೇರಣಾ, ಏಳು ವರ್ಷದ ಜೋಯಲ್. ಭಾವ ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ದೊಡ್ಡ ಎಂಜಿನಿಯರು. ಮನೆಗೆ ಬಂದರೆ ಶಾಲೆಯ ಜವಾನ. ನಾನು ಇರುವುದು ಕೊಚ್ಚಿಯಲ್ಲಿ, ಒಂದು ಐಟಿ ಕಂಪನಿಯ ಕೆಲಸದಲ್ಲಿ. ವರ್ಷಕ್ಕೊಮ್ಮೆ, ಮೇ ಕೊನೆಗೆ, ರೈಲು ಹತ್ತಿ ಹೋಗಿ ಪಾಸಾದ ಪುಸ್ತಕಗಳಿಗೆಲ್ಲ ಬೈಂಡು ಹಾಕಿ ಬರುವುದು ನನ್ನ ಪಾಲಿನ ಹುದ್ದೆ. ಸಂಬಳವಿಲ್ಲ, ಪಿಂಚಣಿಯಿಲ್ಲ, ರಾಜೀನಾಮೆ ಕೊಡುವ ಹಾಗೂ ಇಲ್ಲ!

ನಾವು ಮಂಗಳೂರು ಕಡೆಯ ಕನ್ನಡ ಕ್ರೈಸ್ತರು. ಕನ್ನಡದಲ್ಲಿ ಪ್ರಾರ್ಥಿಸಿ, ಕನ್ನಡದಲ್ಲಿ ಕೀರ್ತನೆ ಹಾಡಿ, ತುಳುವಿನಲ್ಲಿ ಜಗಳವಾಡುವ ಪ್ರೊಟೆಸ್ಟೆಂಟರು. ಅಕ್ಕ ಮದುವೆಗೆ ಮೊದಲು ಊರಿನ ಒಂದು ಶಾಲೆಯಲ್ಲಿ ಎಂಟು ವರ್ಷ ಟೀಚರಾಗಿದ್ದಳು. ಭಾವನ ಕೆಲಸದ ಹಿಂದೆ ತಿರುವನಂತಪುರಕ್ಕೆ ಬಂದ ಮೇಲೆ ಪ್ರೇರಣಾಳನ್ನು ಒಂದು ಶಾಲೆಗೆ ಸೇರಿಸಿದರು. ವ್ಯಾನಿನಲ್ಲಿ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ಮಗು ಬೆಳಗ್ಗೆ ನಿದ್ದೆ ಮಾಡುತ್ತ ಹೋಗಿ ಸಂಜೆ ನಿದ್ದೆ ಮಾಡುತ್ತ ಬರುತ್ತಿತ್ತು. ಒಂದು ದಿನ ಅಕ್ಕ ವ್ಯಾನಿನಿಂದ ಮಗುವನ್ನು ಎತ್ತಿಕೊಂಡವಳು ಮರುದಿನ ಹತ್ತಿಸಲೇ ಇಲ್ಲ. ಚರ್ಚಿನಲ್ಲಿ ಮನೆಯಲ್ಲೇ ಮಕ್ಕಳಿಗೆ ಪಾಠ ಮಾಡುವ ಎರಡು ಕುಟುಂಬಗಳಿದ್ದವು. ಅವರು ಭಕ್ತಿಯಿಂದ ಶುರುಮಾಡಿದವರು. ನಮ್ಮಕ್ಕ ಶುರುಮಾಡಿದ್ದು ಹಠದಿಂದ. ಭಕ್ತಿ ಆಮೇಲೆ ಬಂದು ಸೇರಿಕೊಂಡಿತು.

ಅವಳ ಶಿಸ್ತು ಎಂಥದೆಂದು ಒಂದೇ ಉದಾಹರಣೆ ಹೇಳುತ್ತೇನೆ. ಒಮ್ಮೆ ಅವಳಿಗೆ ನೂರಾ ಎರಡು ಡಿಗ್ರಿ ಜ್ವರ. ಕಂಬಳಿ ಹೊದ್ದುಕೊಂಡೇ ರಜಾ ಅರ್ಜಿ ಬರೆದಳು: ‘ಮಾನ್ಯ ಮುಖ್ಯೋಪಾಧ್ಯಾಯಿನಿಯವರ ಸನ್ನಿಧಿಗೆ...’ ಯಾರ ಸನ್ನಿಧಿಗೆ? ಅವಳದೇ! ಬರೆದು, ಮಡಚಿ, ಮೇಜಿನ ಆ ತುದಿಗೆ ಹೋಗಿ ಕೂತು, ಬಿಚ್ಚಿ ಓದಿ, ಕೆಳಗೆ ಕೆಂಪು ಶಾಯಿಯಲ್ಲಿ ಬರೆದಳು: ‘ಪರೀಕ್ಷೆ ಹತ್ತಿರವಿರುವುದರಿಂದ ರಜೆ ಮಂಜೂರಾಗಿಲ್ಲ.’ ಆಮೇಲೆ ಮೂಗು ಒರೆಸಿಕೊಳ್ಳುತ್ತ ಭಿನ್ನರಾಶಿ ಕಲಿಸಿದಳು. ದಿನವಿಡೀ ಭಾವನ ಮೇಲೆ ರೇಗಾಟ. ಪಾಪ, ಅವರು ಕೇಳಿದರು, “ಅರ್ಜಿ ಕೊಟ್ಟವಳು ನೀನು, ಇಲ್ಲ ಹೇಳಿದವಳು ನೀನು. ನನ್ನ ಮೇಲೆ ಎಂತಕ್ಕೆ ಸಿಟ್ಟು?”

“ಮತ್ತೆ ಹೆಡ್ ಮಿಸ್ ಮೇಲೆ ಸಿಟ್ಟು ಮಾಡ್ಲಿಕ್ಕೆ ಆಗ್ತದಾ?” ಎಂದಳು ಅಕ್ಕ.

ಈ ಶಾಲೆಯ ನಿಜವಾದ ಹಬ್ಬವೆಂದರೆ ವರ್ಷದ ಯೋಜನೆ. ಈಸ್ಟರ್ ಮುಗಿದ ಸೋಮವಾರ ಅದು ಶುರು. ಅವತ್ತಿನಿಂದ ಊಟದ ಮೇಜು ಊಟಕ್ಕೆ ಸಿಗುವುದಿಲ್ಲ. ಅದರ ತುಂಬ ಚಾರ್ಟು, ಸ್ಕೆಚ್ ಪೆನ್ನು, ಹಳೆಯ ಪಠ್ಯ, ಹೊಸ ಪಠ್ಯ, ಯಾರೋ ಕೊಟ್ಟದ್ದು, ಯಾರಿಂದಲೋ ಕಸಿದುಕೊಂಡದ್ದು. ಒಂದೂವರೆ ತಿಂಗಳು ಮನೆಯವರೆಲ್ಲ ಸೋಫಾದ ಮೇಲೆ ತಟ್ಟೆಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಉಣ್ಣುತ್ತಾರೆ. ಮೀನುಸಾರು ಮಾಡಿದ ದಿನ ಭಾವನ ಪ್ಯಾಂಟು ನೋಡಿದರೆ ಸಾಕು, ಯೋಜನೆ ಎಷ್ಟನೇ ವಾರದಲ್ಲಿದೆಯೆಂದು ಹೇಳಬಹುದು!

ಮೊದಲ ವರ್ಷ ಚರ್ಚಿನ ಒಬ್ಬ ಆಂಟಿ ವಿದೇಶದಿಂದ ಬಂದ ಒಂದು ಪೆಟ್ಟಿಗೆ ಕೊಟ್ಟರು. ಕ್ರೈಸ್ತ ಮನೆಗಳಲ್ಲಿ ಮಕ್ಕಳಿಗೆ ಕಲಿಸಲೆಂದೇ ಮಾಡಿದ ಮೂವತ್ತಾರು ವಾರಗಳ ಪಾಠಗಳು. ಬೆಳಗ್ಗೆ ಪ್ರಾರ್ಥನೆ, ಬೈಬಲಿನ ವೇದಪಾಠ, ಆಮೇಲೆ ಉಳಿದದ್ದು. ಅಕ್ಕನಿಗೆ ಸ್ವರ್ಗವೇ ಕೈಗೆ ಬಂದ ಹಾಗಾಯಿತು. ಆದರೆ ಆರನೆಯ ವಾರದಲ್ಲಿ ಪ್ರಕೃತಿ ಪಾಠ: ‘ಮಕ್ಕಳನ್ನು ಹೊರಗೆ ಕರೆದೊಯ್ದು ಕೆಂಪಾಗಿ ಉದುರಿದ ಎಲೆಗಳನ್ನು ಆರಿಸಿ.’ ಶ್ರೀಕಾರ್ಯಂನಲ್ಲಿ ಆ ಹೊತ್ತಿಗೆ ಜಡಿಮಳೆ. ಕೆಂಪೆಲೆ ಎಲ್ಲಿಂದ ಬರಬೇಕು? ಬೇರೆ ಯಾರಾದರೂ ಆ ಪಾಠ ಬಿಡುತ್ತಿದ್ದರು. ಅಕ್ಕ ಋತುವನ್ನೇ ಮುಂದೆ ಹಾಕಿದಳು! ಅವರ ರಸ್ತೆಯ ಕೊನೆಗೆ ಒಂದು ಕಾಡುಬಾದಾಮಿ ಮರವಿದೆ; ಅದು ಕೆಂಪಾಗಿ ಎಲೆ ಉದುರಿಸುವುದು ಜನವರಿಯಲ್ಲಿ. ಆದ್ದರಿಂದ ಇವತ್ತಿಗೂ ಅಕ್ಕನ ಮನೆಯಲ್ಲಿ ಶರತ್ಕಾಲ ಬರುವುದು ಹೊಸವರ್ಷ ಕಳೆದ ಮೇಲೆ. ಹಿಮದ ಪಾಠ? ಹಳೇ ಫ್ರಿಜ್ಜಿನ ಮೇಲಿನ ಖಾನೆಯಿಂದ ಸೌಟಿನಲ್ಲಿ ಕೆರೆದು ಬಸಿ ತುಂಬ ಹಿಮ ತೆಗೆದಳು. ಸೇಬಿನ ತೋಟಕ್ಕೆ ಪ್ರವಾಸ ಎಂದಿತ್ತು. ಗೆಡ್ಡೆಗೆಣಸಿನ ಸಂಶೋಧನೆ ಮಾಡುವವರ ಹೊಲದ ಬೇಲಿಯ ಹೊರಗೆ ಮಕ್ಕಳನ್ನು ನಿಲ್ಲಿಸಿ ಮರಗೆಣಸು ತೋರಿಸಿದಳು. ಜೋಯಲನಿಗೆ ಬಹಳ ದಿನ ಸೇಬು ಮಣ್ಣಿನೊಳಗೆ ಬೆಳೆಯುತ್ತದೆ ಎಂಬ ನಂಬಿಕೆ ಇತ್ತು.

ಪೆಟ್ಟಿಗೆಯ ಪಾಠ ಮುಗಿದ ಮೇಲೆ ಅಕ್ಕ ತಾನೇ ಪುಸ್ತಕ ಆರಿಸತೊಡಗಿದಳು. ಆಗಲೇ ಈ ಪಾಸು-ಫೇಲಿನ ಪದ್ಧತಿ ಹುಟ್ಟಿದ್ದು. ಪದ್ಧತಿ ಸರಳ. ಪಾಠವನ್ನು ಒಂದು ಸಲ ಓದುವುದು. ಪುಸ್ತಕ ಮುಚ್ಚುವುದು. ಕೊನೆಯ ಪ್ರಶ್ನೆಗಳಿಗೆಲ್ಲ ಉತ್ತರ ಬರೆಯುವುದು. ತಾನೇ ತಿದ್ದುವುದು. ನಲವತ್ತಕ್ಕಿಂತ ಕಡಿಮೆ ಬಂದರೆ ಪುಸ್ತಕ ಫೇಲ್!

“ಅಲ್ಲ ಅಕ್ಕ, ಕಡಿಮೆ ಮಾರ್ಕು ಬಂದದ್ದು ನಿಂಗಲ್ವಾ?” ಎಂದು ನಾನು ಕೇಳಿದ್ದುಂಟು.

“ಎಂಟು ವರ್ಷ ಪಾಠ ಮಾಡಿದವ್ಳಿಗೆ ಅರ್ಥ ಆಗದ್ದು ಎಂಟು ವರ್ಷದ ಮಗುವಿಗೆ ಅರ್ಥ ಆಗ್ತದಾ? ತಪ್ಪು ಯಾರ್ದು, ಹೇಳು ನೋಡುವಾ.”

ಒಮ್ಮೆ ವಿಜ್ಞಾನದ ಪುಸ್ತಕದ ಬಗ್ಗೆ ಅವಳಿಗೇ ಅನುಮಾನ ಬಂದು ಭಾವನನ್ನು ಪರೀಕ್ಷೆಗೆ ಕೂರಿಸಿದಳು. ಐದನೇ ಕ್ಲಾಸು. ಪಾಠದ ಹೆಸರು ‘ರಾಕೆಟ್’. ಭಾವನಿಗೆ ನೂರಕ್ಕೆ ಮೂವತ್ತೆಂಟು! ಪುಸ್ತಕದಲ್ಲಿ ತಪ್ಪಿದೆ, ತಾನು ಬರೆದದ್ದೇ ಸರಿ ಎಂದು ಅವರು ವಾದಿಸಿದರು. ಅಕ್ಕ ಉತ್ತರಪಟ್ಟಿ ತೋರಿಸಿದಳು. ಆಕಾಶಕ್ಕೆ ರಾಕೆಟ್ ಹಾರಿಸುವ ಮನುಷ್ಯ ಒಂದು ವಾರ ಮೂವತ್ತೆಂಟರ ಮುಖ ಹೊತ್ತುಕೊಂಡು ಆಫೀಸಿಗೆ ಹೋದರು.

ಪುಸ್ತಕದ ಬೇಟೆಗೆ ಅಕ್ಕ ವರ್ಷಕ್ಕೊಮ್ಮೆ ಕೊಚ್ಚಿಗೆ ಬರುವುದುಂಟು. ವೈಟ್ಟಿಲದ ಬಸ್ ನಿಲ್ದಾಣದಲ್ಲಿ ನಾನು ಕಾಯಬೇಕು. ಚಕ್ರದ ದೊಡ್ಡ ಸೂಟ್‌ಕೇಸು ಎಳೆದುಕೊಂಡು ಇಳಿಯುತ್ತಾಳೆ. ಎತ್ತಿದರೆ ಹಗುರ, ಒಳಗೆ ಒಂದು ಟಿಫಿನ್ ಡಬ್ಬಿ, ಎರಡು ಪೆನ್ಸಿಲು, ಒಂದು ರಬ್ಬರು. ಅಲ್ಲಿಂದ ನೇರ ಎರ್ನಾಕುಲಂನ ಒಂದು ಹಳೇ ಪುಸ್ತಕದ ಅಂಗಡಿಗೆ. ಮೊದಲ ಸಲ ಅವಳು ನೆಲದ ಮೇಲೆ ಕೂತು ಪರೀಕ್ಷೆ ಬರೆಯಲು ಶುರುಮಾಡಿದಾಗ ಅಂಗಡಿಯ ಚೇಟ್ಟ ಗಾಬರಿಯಾದ; ಅಲ್ಲಿ ಅಣ್ಣನೆಂದರೆ ಚೇಟ್ಟ, ಅಕ್ಕನೆಂದರೆ ಚೇಚಿ. “ಚೇಚೀ, ಇದು ಲೈಬ್ರರಿ ಅಲ್ಲ, ಕಡಯಾಣ್” ಎಂದ. ಅಂಗಡಿ ಅಂತ ಗೊತ್ತಿದೆ, ಅದಕ್ಕೇ ನೋಡಿ ತಗೊಳ್ಳುವುದು ಎಂದು ಅಕ್ಕ ತನ್ನ ಮಂಗಳೂರು ಮಲಯಾಳದಲ್ಲಿ ಹೇಳಿ ಮುಂದಿನ ಪ್ರಶ್ನೆಗೆ ಹೋದಳು. ಎರಡನೇ ವರ್ಷ ಚೇಟ್ಟ ಸ್ಟೂಲು ಕೊಟ್ಟ. ಮೂರನೇ ವರ್ಷ ಚಹ ತರಿಸಿದ, “ಪಾಸಾಯೋ?” ಎಂದು ಮೆಲ್ಲಗೆ ಫಲಿತಾಂಶ ಕೇಳಿದ. ಈಗೀಗ ಫೇಲಾದವನ್ನು ಬೇರೆ ಕಪಾಟಿನಲ್ಲಿ ಇಡುತ್ತಾನೆ. ಹೋದ ವರ್ಷ ನನ್ನ ಕಣ್ಣೆದುರೇ ಒಬ್ಬರು ಆ ಕಪಾಟಿನಿಂದ ಒಂದು ವ್ಯಾಕರಣ ತೆಗೆದುಕೊಂಡು ಬಂದರೆ ಚೇಟ್ಟ ಕೈ ಅಡ್ಡ ಹಿಡಿದು, “ಅದು ವೇಂಡ ಸಾರ್, ಅದು ಫೇಲ್!” ಎಂದುಬಿಟ್ಟ. ತನ್ನ ವ್ಯಾಪಾರ ತಾನೇ ಕೆಡಿಸಿಕೊಳ್ಳುವ ಮಟ್ಟಕ್ಕೆ ಒಬ್ಬ ವ್ಯಾಪಾರಿಯನ್ನು ಒಳ್ಳೆಯವನನ್ನಾಗಿ ಮಾಡಿದ ಕೀರ್ತಿ ನಮ್ಮಕ್ಕನದು.

ಪುಸ್ತಕಕ್ಕೆ ಸಿಗದ ಪಾಠಕ್ಕೆ ಅತಿಥಿ ಉಪನ್ಯಾಸಕರು. ತುಂಬಾ ಊರಿನ ಕಡೆಯಿಂದ ಮೀನು ಹೊತ್ತು ತರುವ ಒಬ್ಬ ಅಮ್ಮಚ್ಚಿ ಬೆಳಗ್ಗೆ ಹತ್ತಕ್ಕೆ ಬರುತ್ತಾರೆ. ವೇಳಾಪಟ್ಟಿಯಲ್ಲಿ ಅದು ಎರಡನೇ ಪೀರಿಯಡ್, ಜೀವಶಾಸ್ತ್ರ. ಅವರು ಮೆಟ್ಟಿಲ ಮೇಲೆ ಕೂತು ಮೀನು ಕೊಯ್ಯುತ್ತ ಇದು ಕಿವಿರು, ಇದು ಗಾಳಿಚೀಲ, ಇದು ನಿನ್ನೆಯ ಮೀನು, ಇದು ಇವತ್ತಿನದು ಎಂದು ಮಲಯಾಳದಲ್ಲಿ ಪಾಠ ಮಾಡುತ್ತಾರೆ. ಮಕ್ಕಳು ಎದ್ದು ನಿಂತು “ಗುಡ್ ಮಾರ್ನಿಂಗ್ ಟೀಚರ್” ಎನ್ನಬೇಕು. ಅಮ್ಮಚ್ಚಿ ಮೊದಲ ದಿನ ನಾಚಿ ಬುಟ್ಟಿಯ ಹಿಂದೆ ಅಡಗಿದರಂತೆ. ಈಗ ಮಕ್ಕಳು ಏಳುವುದು ತಡವಾದರೆ ಅವರೇ ಕೆಮ್ಮುತ್ತಾರೆ!

ಜೋಯಲನ ಬುದ್ಧಿ ಇನ್ನೊಂದು ದಾರಿ. ಅವನಿಗೆ ಎಣಿಕೆ ಕಲಿಸಿದ್ದು ಭಾವ. ಆದ್ದರಿಂದ ಒಂದರಿಂದ ಹತ್ತು ಹೇಳು ಎಂದರೆ ಹತ್ತರಿಂದ ಶುರುಮಾಡಿ ಸೊನ್ನೆಗೆ ಬಂದು ಸೋಫಾದಿಂದ ಹಾರುತ್ತಿದ್ದ. ಹೋದ ವರ್ಷ ಲೆಂಟ್ ಕಾಲ ಬಂತು. ಈಸ್ಟರಿಗೆ ಮುಂಚಿನ ಆ ನಲವತ್ತು ದಿನ ತನಗೆ ತುಂಬ ಪ್ರಿಯವಾದ ಒಂದನ್ನು ದೇವರಿಗಾಗಿ ಬಿಡುವುದು ಅವರ ಮನೆಯ ರೂಢಿ. ಪ್ರೇರಣಾ ಚಾಕಲೇಟು ಬಿಟ್ಟಳು. ಅಕ್ಕ ಚಹ ಬಿಟ್ಟಳು, ಅಂದರೆ ಮನೆಯವರೆಲ್ಲ ನೆಮ್ಮದಿ ಬಿಟ್ಟರು. ಜೋಯಲ್ ಬಹಳ ಹೊತ್ತು ಯೋಚಿಸಿ, ಕಣ್ಣಲ್ಲಿ ನೀರು ತಂದುಕೊಂಡು, ತನಗೆ ಪ್ರಪಂಚದಲ್ಲಿ ಅತ್ಯಂತ ಪ್ರಿಯವಾದದ್ದು ಗಣಿತ, ಅದನ್ನೇ ಬಿಡುತ್ತೇನೆ ಎಂದು ಘೋಷಿಸಿದ.

ಇಷ್ಟೆಲ್ಲ ಇದ್ದೂ ಅಕ್ಕನ ಶಾಲೆಯಲ್ಲಿ ಒಂದು ವಿಷಯಕ್ಕೆ ಪುಸ್ತಕವೇ ಇರಲಿಲ್ಲ. ಕನ್ನಡಕ್ಕೆ.

ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ. ಆದರೆ ಅಕ್ಕ ಕನ್ನಡದಲ್ಲಿ ಕೇಳಿದರೆ ಪ್ರೇರಣಾ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಜೋಯಲ್ ಮಲಯಾಳದಲ್ಲಿ. ಅವರ ಬಾಯಿಂದ ಕನ್ನಡ ಹೊರಡುವುದು ಸಂಜೆಯ ಪ್ರಾರ್ಥನೆಯಲ್ಲಿ ಮಾತ್ರ, ಅಕ್ಕನಿಂದ ಕೇಳಿ ಕೇಳಿ ಬಂದದ್ದು. ಇದರ ಪರಿಣಾಮ ನಮಗೆ ತಿಳಿದದ್ದು ಎರಡು ವರ್ಷದ ಹಿಂದೆ ಮಂಗಳೂರಿನ ದೊಡ್ಡಮ್ಮನ ಮನೆಯಲ್ಲಿ. ಇಪ್ಪತ್ತು ಜನ ಊಟಕ್ಕೆ ಕೂತಿದ್ದೆವು. ಹುರಿದ ಬಂಗುಡೆ. ಜೋಯಲನಿಗೆ ಇನ್ನೊಂದು ಬೇಕು. ದೊಡ್ಡಮ್ಮನಿಗೆ ಮಲಯಾಳ ಬರುವುದಿಲ್ಲ. ಹುಡುಗ ಎದ್ದು ನಿಂತ, ಕೈ ಜೋಡಿಸಿದ, ಕಣ್ಣು ಮುಚ್ಚಿದ.

“ಕೃಪೆಯುಳ್ಳ ಅಜ್ಜಿಯೇ, ನೀನು ನಮಗೆ ಕೊಟ್ಟ ಬಂಗುಡೆಗಾಗಿ ನಿನ್ನನ್ನು ಕೊಂಡಾಡುತ್ತೇವೆ. ಇನ್ನೂ ಒಂದನ್ನು ಅನುಗ್ರಹಿಸಬೇಕೆಂದು ದೀನರಾಗಿ ಬೇಡಿಕೊಳ್ಳುತ್ತೇವೆ.”

ಕೂತಿದ್ದ ಇಪ್ಪತ್ತೂ ಜನ ಅಭ್ಯಾಸಬಲದಿಂದ “ಆಮೆನ್” ಎಂದರು! ದೊಡ್ಡಮ್ಮ ಒಂದಲ್ಲ, ಮೂರು ಬಂಗುಡೆ ಅನುಗ್ರಹಿಸಿದರು. ನಕ್ಕು ನಕ್ಕು ಭಾವನ ನೆತ್ತಿಗೆ ಅನ್ನ ಹತ್ತಿತು. ಅಕ್ಕನೂ ನಕ್ಕಳು. ಆದರೆ ಹಿಂದಿರುಗುವಾಗ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, “ದೇವ್ರ ಹತ್ರ ಮಾತಾಡ್ಲಿಕ್ಕೆ ಮಾತ್ರ ಆಯ್ತಲ್ಲ ಮಾರಾಯ, ನಮ್ಮ ಮನೆಮಾತು. ನನ್ನ ಹತ್ರ ಮಾತಾಡ್ಲಿಕ್ಕೆ ಇಲ್ಲ” ಎಂದಳು. ಅವಳಿಗೆ ಎಷ್ಟು ನೋವಾಗಿತ್ತೆಂದು ನನಗೆ ಆಗ ಗೊತ್ತಾಯಿತು.

ಆ ವರ್ಷವೇ ಕನ್ನಡ ವೇಳಾಪಟ್ಟಿಗೆ ಬಂತು. ಸೋಮವಾರ, ಬುಧವಾರ, ಶುಕ್ರವಾರ, ನಾಲ್ಕನೇ ಪೀರಿಯಡ್. ಮಂಗಳೂರಿನಿಂದ ಪಠ್ಯಪುಸ್ತಕಗಳನ್ನು ತರಿಸಿದಳು. ಎಲ್ಲದರಲ್ಲೂ ಅಕ್ಕನಿಗೆ ನೂರಕ್ಕೆ ನೂರು. ಆದರೂ ಒಂದನ್ನೂ ಪಾಸು ಮಾಡಲಿಲ್ಲ! ಕೇಳಿದರೆ, “ಇದ್ರಲ್ಲಿ ಅಮ್ಮ ಮಾತಾಡಿದ ಹಾಗೆ ಒಂದು ಸಾಲು ಉಂಟಾ?” ಎಂದಳು. ಹಾಗಾಗಿ ಕನ್ನಡ ಪೀರಿಯಡ್ ಎಂದರೆ ಅಕ್ಷರ ತಿದ್ದಿಸಿದ ಮೇಲೆ ಅಕ್ಕ ಕೂತು ಮಾತಾಡುವುದು, ಅಷ್ಟೇ. ನಮ್ಮ ಅಮ್ಮನ ಸುದ್ದಿ, ಬಾವಿಗೆ ಬಿದ್ದ ಕೊಡದ ಸುದ್ದಿ, ನಾನು ಸಂಡೇ ಸ್ಕೂಲಿನ ನಾಟಕದಲ್ಲಿ ಕುರಿಯ ಪಾತ್ರ ಮಾಡಿ ವೇದಿಕೆಯ ಮೇಲೆ ನಿದ್ದೆಹೋದ ಸುದ್ದಿ.

ಅಮ್ಮನ ವಿಷಯ ಬಂದಿತು, ಹೇಳಿಬಿಡುತ್ತೇನೆ. ಅಮ್ಮ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಓದಿದ್ದು ಏಳನೇ ಕ್ಲಾಸು. ಶಾಲೆ ಶುರುವಾಗುವ ಹಿಂದಿನ ದಿನ ಸಂಜೆ ಸಿಮೆಂಟು ಚೀಲದ ಕಂದು ಕಾಗದದಿಂದ ನಮ್ಮ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದಳು. ಮೂಲೆ ಮಡಚುವುದನ್ನು ನನಗೆ ಕಲಿಸಿದವಳು ಅವಳೇ. ಎಲ್ಲ ಆದ ಮೇಲೆ ಪುಸ್ತಕಗಳನ್ನು ಅಟ್ಟಿ ಇಟ್ಟು, ಮೇಲೆ ಕೈಯಿಟ್ಟು, ಒಂದೊಂದನ್ನೂ ದೇವರಿಗೆ ಪರಿಚಯ ಮಾಡಿಕೊಡುತ್ತಿದ್ದಳು. “ದೇವರೇ, ಇದು ಸಮಾಜ. ಇದರಲ್ಲಿ ರಾಜರು ಜಾಸ್ತಿ ಇದ್ದಾರೆ, ಇವನಿಗೆ ಇಸವಿ ನೆನಪಿರುವುದಿಲ್ಲ. ಇದು ಗಣಿತ. ಇದರ ಮೇಲೆ ನಿನ್ನ ವಿಶೇಷ ದೃಷ್ಟಿ ಇರಲಿ. ನಮ್ಮ ದೃಷ್ಟಿ ಸಾಲುವುದಿಲ್ಲ.” ಆಚೆ ಮನೆಯ ಹುಡುಗರಿಗೆ ಕೇಳಿಸಿದರೆ ಮಾನ ಹೋಯಿತು ಎಂದು ನಾನು ಕೂತಲ್ಲೇ ಕರಗಿಹೋಗುತ್ತಿದ್ದೆ. ಕೊನೆಗೆ ಪುಸ್ತಕದ ಮೇಲಿನ ಕೈ ನಮ್ಮ ತಲೆಯ ಮೇಲೆ ಬರುತ್ತಿತ್ತು. ಆವೆಮಣ್ಣು ಮೆತ್ತಿ ಮೆತ್ತಿ ಒರಟಾದ ಭಾರದ ಕೈ, ಅದರ ಅಡಿಯಲ್ಲಿ ನನ್ನ ಕತ್ತು ತಾನಾಗಿ ಬಗ್ಗುತ್ತಿತ್ತು.

ಜೋಯಲ್ ಹುಟ್ಟುವ ಹಿಂದಿನ ವರ್ಷ ಅಮ್ಮ ಹೋದಳು. ಪುಸ್ತಕದ ಪ್ರಾರ್ಥನೆಯನ್ನು ಅಕ್ಕ ಹಾಗೆಯೇ ಇಟ್ಟುಕೊಂಡಳು. ನಾನು ಮೂಲೆ ಮಡಚುವುದನ್ನು ಇಟ್ಟುಕೊಂಡೆ. ಪ್ರಾರ್ಥನೆ ಯಾವಾಗ ನನ್ನ ಬಾಯಿಂದ ಬಿಟ್ಟುಹೋಯಿತೋ ನನಗೆ ನೆನಪಿಲ್ಲ.

ಈ ವರ್ಷ ಈಸ್ಟರ್ ಮುಗಿದ ಸೋಮವಾರ ಯೋಜನೆ ಶುರುವಾಗಲಿಲ್ಲ. ಅಕ್ಕನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡು ಥೈರಾಯ್ಡಿನ ಆಪರೇಷನ್ ಆಯಿತು. ಗಂಟಿನಿಂದ ಹೆದರಿಕೆಯಿಲ್ಲ ಎಂದರು. ಆದರೆ ಆರು ವಾರ ಒಂದು ಮಾತೂ ಆಡಬಾರದು ಎಂದರು. ಭಾವ ಕೂಡಲೇ, “ಡಾಕ್ಟ್ರೇ, ಇದನ್ನು ದಯವಿಟ್ಟು ಬರೆದು ಕೊಡಿ” ಎಂದರಂತೆ! ಅಕ್ಕ ಹಾಸಿಗೆಯಲ್ಲಿದ್ದೇ ಅವರ ಕೈ ಚಿವುಟಿದಳಂತೆ. ಆಮೇಲೆ ಡಾಕ್ಟರು ಭಾವನನ್ನು ಹೊರಗೆ ಕರೆದು ಇನ್ನೊಂದು ಮಾತು ಹೇಳಿದರು: ಸ್ವರದ ನರಕ್ಕೆ ಪೆಟ್ಟಾಗಿದೆ, ಸ್ವರ ಬರಬಹುದು, ತಿಂಗಳುಗಳೇ ಹಿಡಿಯಬಹುದು, ಮೊದಲಿನಂತೆಯೇ ಬರುತ್ತದೆಂದು ಮಾತು ಕೊಡಲಾರೆವು. ಭಾವ ನಗಿಸುವುದನ್ನು ಅಲ್ಲಿಗೆ ನಿಲ್ಲಿಸಿದರು.

ಅಕ್ಕ ದಿನಾ ಸಂಜೆ ನನಗೆ ಫೋನು ಮಾಡುತ್ತಿದ್ದವಳು. ಅದು ನಿಂತಿತು. ಎರಡು ವಾರದ ಮೇಲೆ ಒಂದು ದಿನ ವೈಟ್ಟಿಲದ ಸಿಗ್ನಲಿನಲ್ಲಿ ನಿಂತಾಗ ನನಗೆ ಹೊಳೆಯಿತು, ಇಷ್ಟು ದಿನ ನಾನು ಕನ್ನಡದಲ್ಲಿ ಒಂದು ಮಾತೂ ಆಡಿಲ್ಲ! ಆಫೀಸಿನಲ್ಲಿ ಇಬ್ಬರು ಬೆಂಗಳೂರಿನವರಿದ್ದಾರೆ. ನನ್ನ ‘ಎಂತ’, ‘ಉಂಟು’ ಕೇಳಿದರೆ ನಗುತ್ತಾರೆಂದು ನಾನು ಅವರೊಡನೆ ಇಂಗ್ಲಿಷಿಗೆ ಜಾರುತ್ತೇನೆ. ನನ್ನ ಕನ್ನಡವೆಲ್ಲ ಇದ್ದದ್ದು ಅಕ್ಕನ ಗಂಟಲಿನಲ್ಲಿ. ಸಿಗ್ನಲ್ ಹಸಿರಾದದ್ದು ಹಿಂದಿನವರು ಹಾರ್ನ್ ಹಾಕಿದ ಮೇಲೆ ತಿಳಿಯಿತು.

ಮೇ ಮೂವತ್ತೊಂದಕ್ಕೆ ನಾನು ಶ್ರೀಕಾರ್ಯಂಗೆ ಹೋದೆ. ಅಕ್ಕ ಕುತ್ತಿಗೆಗೆ ಶಾಲು ಸುತ್ತಿಕೊಂಡು, ಕೈಯಲ್ಲಿ ಸ್ಲೇಟು ಹಿಡಿದುಕೊಂಡು ಬಾಗಿಲು ತೆರೆದಳು. ಮುಖ್ಯೋಪಾಧ್ಯಾಯಿನಿಯ ಹುದ್ದೆ ಬಿಟ್ಟಿರಲಿಲ್ಲ ಎನ್ನಿ. ಬೈಗುಳವನ್ನೂ ಸ್ಲೇಟಿನಲ್ಲೇ ಬರೆದು ತೋರಿಸುತ್ತಿದ್ದಳು, ಅದೂ ಕನ್ನಡದಲ್ಲಿ. ಮಕ್ಕಳು ಬೆರಳಿಟ್ಟು ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಅವಳ ಸಿಟ್ಟು ಆರಿಹೋಗುತ್ತಿತ್ತು. “ಮಂ... ಗ... ಮಂಗ! ಅಮ್ಮೇ, ಕುರಂಗನ್ ಅಲ್ಲೇ?” ಎಂದು ಜೋಯಲ್ ಖುಷಿಯಿಂದ ಕೇಳಿದರೆ ತಲೆಯಾಡಿಸದೆ ಇನ್ನೇನು ಮಾಡಿಯಾಳು?

ತಡವಾಗಿಯಾದರೂ ಯೋಜನೆ ಮುಗಿದು, ಗೋಡೆಯ ಮೇಲೆ ಹೊಸ ವರ್ಷದ ವೇಳಾಪಟ್ಟಿ ಅಂಟಿಸಿತ್ತು. ವೇದಪಾಠ ಹಸಿರು, ಗಣಿತ ನೀಲಿ, ಜೀವಶಾಸ್ತ್ರದ ಎದುರು ‘ಮೀನಿನ ಅಮ್ಮಚ್ಚಿ’. ಸೋಮವಾರದ ನಾಲ್ಕನೇ ಪೀರಿಯಡ್ ನೋಡಿದೆ. ಬುಧವಾರದ್ದು, ಶುಕ್ರವಾರದ್ದು ನೋಡಿದೆ. ಮೂರು ಕಡೆಯೂ ‘ಕನ್ನಡ’ ಎಂಬುದರ ಮೇಲೆ ಕೆಂಪು ಶಾಯಿಯ ಗೀಟು. ಕೆಳಗೆ ‘ಡ್ರಾಯಿಂಗ್’.

“ಇದೆಂತ ಅಕ್ಕ?” ಎಂದೆ.

ಸ್ಲೇಟಿನಲ್ಲಿ ಬರೆದಳು: ‘ಪುಸ್ತಕ ಇಲ್ಲದ ಪಾಠ. ಸ್ವರ ಇಲ್ಲದ ಟೀಚರ್. ಹೇಗೆ ನಡೀತದೆ?’

“ನಾನು ಮಾಡ್ತೇನೆ. ಫೋನಲ್ಲಿ.”

ಒರೆಸಿ ಇನ್ನೊಂದು ಬರೆದಳು: ‘ನನ್ನ ಹತ್ರ ಬಿಟ್ಟು ನೀನು ಯಾರ ಹತ್ರ ಕನ್ನಡ ಮಾತಾಡ್ತಿ?’

ನಾನು ಬ್ರೌನ್ ಪೇಪರ್ ಹಾಸಿ ಕತ್ತರಿ ಹುಡುಕತೊಡಗಿದೆ. ಬೈಂಡು ಹಾಕುವಾಗ ಒಂದು ಅನುಕೂಲ ಉಂಟು, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಪ್ರೇರಣಾ ಲೇಬಲ್ ಬರೆದಳು. ಜೋಯಲ್ ಗೋಂದು ಹಚ್ಚಿದ: ಲೇಬಲಿಗೆ ಸ್ವಲ್ಪ, ಮೇಜಿಗೆ ಸ್ವಲ್ಪ, ಉಳಿದದ್ದೆಲ್ಲ ತನ್ನ ಕೈಗೆ. ಭಾವ ಆಫೀಸಿನಿಂದ ಬಂದು ಪುಸ್ತಕಗಳನ್ನು ಅಟ್ಟಿ ಇಟ್ಟರು. ಸಂಜೆಯಾಯಿತು. ಹೊರಗೆ ಮೊದಲ ಮಳೆಯ ಮೋಡ. ಎಲ್ಲರೂ ಮೇಜಿನ ಸುತ್ತ ನಿಂತೆವು.

ಅಕ್ಕ ಅಟ್ಟಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ತುಟಿ ಅಲುಗಿತು. ಸ್ವರವಿಲ್ಲ. ಆಮೇಲೆ ಕಣ್ಣು ತೆರೆದು ಭಾವನನ್ನು ನೋಡಿದಳು. ಭಾವ ಜನರೆದುರು ಬಾಯಿಬಿಟ್ಟು ಪ್ರಾರ್ಥಿಸಿದವರೇ ಅಲ್ಲ. ಅವರು ನನ್ನನ್ನು ನೋಡಿದರು. ಅಕ್ಕನೂ ನನ್ನನ್ನು ನೋಡಿದಳು. ನನಗೆ ಅಮ್ಮನ ಒಂದೊಂದು ಮಾತೂ ಬಾಯಿಪಾಠ, ಈಗಷ್ಟೇ ನಿಮಗೆ ಹೇಳಲಿಲ್ಲವೇ? ಆದರೆ ಬಾಯಿ ತೆರೆಯಲಾಗಲಿಲ್ಲ. ನಾಚಿಕೆಯೋ, ಅಭ್ಯಾಸ ತಪ್ಪಿದ್ದೋ, ಅಥವಾ ಆ ಮಾತು ಇನ್ನೊಬ್ಬರ ಸ್ವರದಲ್ಲಿ ಹೊರಟರೆ ಅಕ್ಕನದು ಇನ್ನು ಬರುವುದಿಲ್ಲವೆಂದು ಒಪ್ಪಿದ ಹಾಗಾಗುತ್ತದೆ ಎಂಬ ಹೆದರಿಕೆಯೋ. ನಾನು ತಲೆ ತಗ್ಗಿಸಿ ನಿಂತೆ. ಅಕ್ಕ ಮೆಲ್ಲಗೆ ಅಟ್ಟಿಯಿಂದ ಕೈ ತೆಗೆದಳು.

ಆಗ ಕುರ್ಚಿ ಎಳೆದ ಸದ್ದು. ಜೋಯಲ್ ಕುರ್ಚಿಯ ಮೇಲೆ ಹತ್ತಿ ನಿಂತು ತನ್ನ ಗೋಂದಿನ ಕೈಯನ್ನು ಪುಸ್ತಕಗಳ ಮೇಲಿಟ್ಟ.

“ಕೃಪೆಯುಳ್ಳ ದೇವರೇ, ಇದು ಇಂಗ್ಲಿಷ್. ಇದು ಚೇಚಿಗೆ ಬರುತ್ತದೆ, ನನಗೆ ಸ್ವಲ್ಪ. ಇದು ವಿಜ್ಞಾನ. ಇದರಲ್ಲಿ ಅಪ್ಪನು ಫೇಲಾದನು, ಅವನನ್ನು ಕ್ಷಮಿಸು. ಇದು ಗಣಿತ. ಇದನ್ನು ನಾನು ಲೆಂಟ್ ಕಾಲದಲ್ಲಿ ನಿನಗೆ ಅರ್ಪಿಸಿದೆನು, ಅಮ್ಮನು ಬಿಡಲಿಲ್ಲ.”

ಭಾವನ ಭುಜ ಅಲುಗಿತು. ಪ್ರೇರಣಾ ತುಟಿ ಕಚ್ಚಿಕೊಂಡಳು. ಪುಸ್ತಕಗಳು ಮುಗಿದವು. ಮುಗಿಯಿತು ಎಂದು ನಾನು ತಲೆ ಎತ್ತಿದೆ. ಜೋಯಲ್ ಮಾತ್ರ ಇನ್ನೂ ಏನನ್ನೋ ಹುಡುಕುತ್ತಿದ್ದ. ಪುಸ್ತಕಗಳ ಮೇಲಿಂದ ಕೈ ತೆಗೆದ. ಬಗ್ಗಿ, ಅಕ್ಕನ ಶಾಲನ್ನು ಸರಿಸಿ, ಅವಳ ಗಂಟಲಿನ ಆ ಗೆರೆಯ ಮೇಲೆ ಅಂಗೈ ಇಟ್ಟ.

“ದೇವರೇ, ಇದು ಕನ್ನಡ. ಇದರ ಮೇಲೆ ನಿನ್ನ ವಿಶೇಷ ದೃಷ್ಟಿ ಇರಲಿ. ನಮ್ಮ ದೃಷ್ಟಿ ಸಾಲುವುದಿಲ್ಲ.”

ಅಮ್ಮನ ಮಾತು. ಅದೇ ಏರಿಳಿತ, ಅದೇ ನಿಲುಗಡೆ. ಅಮ್ಮನನ್ನು ಕಣ್ಣಿಂದ ಕಾಣದ ಹುಡುಗ! ನಾನು ಅಲ್ಲಿ ನಿಂತು ಅತ್ತೆ. ನಾಚಿಕೆಯಾಗಲಿಲ್ಲ.

ಯಾರೂ ಆಮೆನ್ ಹೇಳಲಿಲ್ಲ. ಕೊನೆಗೆ ಹೇಳಿದವಳು ಅಕ್ಕನೇ. ಕಾಗದ ಹರಿದ ಹಾಗೆ, ಒಡೆದು, ಅರ್ಧ ಗಾಳಿ, ಅರ್ಧ ಸ್ವರ, “ಆ...ಮೆನ್.” ಡಾಕ್ಟರ ಆರು ವಾರಕ್ಕೆ ಇನ್ನೂ ಐದು ದಿನ ಬಾಕಿ ಇತ್ತು. ಭಾವ ಬೈಯಲಿಲ್ಲ.

ಕೆಂಪು ಶಾಯಿ ಅಳಿಸಿದರೆ ಹೋಗುವುದಿಲ್ಲ. ಅಕ್ಕ ಮಿಕ್ಕಿದ ಬ್ರೌನ್ ಪೇಪರಿನಿಂದ ಮೂರು ತುಂಡು ಕತ್ತರಿಸಿ, ಡ್ರಾಯಿಂಗಿನ ಮೇಲೆ ಅಂಟಿಸಿ, ಮೂರರಲ್ಲೂ ‘ಕನ್ನಡ’ ಎಂದು ಬರೆದಳು. ಪಕ್ಕದಲ್ಲಿ ‘ಪುಸ್ತಕ: ಇಲ್ಲ’ ಎಂದು ಬರೆದಳು. ‘ಅಧ್ಯಾಪಕರು’ ಎಂದು ಬರೆದು ಪೆನ್ನು ಎತ್ತಿ, ನನ್ನನ್ನು ಒಂದು ಪುಸ್ತಕವನ್ನು ತೂಗಿ ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದಳು. ಬಹುಶಃ ನನಗೆ ನಲವತ್ತು ಬಂದಿರಬೇಕು. ನನ್ನ ಹೆಸರು ಬರೆದಳು.

ಜೋಯಲ್ ಇನ್ನೂ ಕುರ್ಚಿಯಿಂದ ಇಳಿದಿರಲಿಲ್ಲ. ಪ್ರಾರ್ಥನೆಯಲ್ಲಿ ಒಂದು ಕೆಲಸ ಬಾಕಿ ಉಳಿದದ್ದು ಅವನಿಗೆ ಮಾತ್ರ ನೆನಪಿತ್ತು. ಅವನು ಗೋಂದಿನ ಕೈಯನ್ನು ನನ್ನ ಕಡೆ ಚಾಚಿ, ಅಕ್ಕ ಅವನಿಗೆ ವರ್ಷ ವರ್ಷವೂ ಹೇಳಿದ ಹಾಗೇ, ಮಲಯಾಳದಲ್ಲಲ್ಲ, ಪ್ರಾರ್ಥನೆಯ ಕನ್ನಡದಲ್ಲೂ ಅಲ್ಲ, ನಮ್ಮ ಮನೆಯ ಕನ್ನಡದಲ್ಲಿ ಹೇಳಿದ:

“ಮಾಮ, ತಲೆ ಬಗ್ಗಿಸು. ನಂಗೆ ಎಟಕುದಿಲ್ಲ.”

ನಾನು ಬಗ್ಗಿದೆ.